ಜಾಬ್ ಶೆಡ್ಯೂಲರ್ ಆರಿಸುವಾಗ ನಾನು ನೋಡಿದ್ದು

ನಮ್ಮ ರಾತ್ರಿ ಜಾಬ್‌ಗಳೆಲ್ಲ, ಅಂದರೆ ಕಂಪ್ಯೂಟರ್ ತಾನಾಗಿಯೇ ಓಡಿಸುವ ಕೆಲಸಗಳೆಲ್ಲ, ಕ್ರಾನ್ ಮತ್ತು ವಿಂಡೋಸ್ ಟಾಸ್ಕ್ ಶೆಡ್ಯೂಲರ್ ಮೇಲೆ ನಡೆಯುತ್ತಿದ್ದವು. ಇಂಥ ಕೆಲಸಗಳನ್ನು ಯಾವಾಗ ಶುರು ಮಾಡಬೇಕೆಂದು ನೋಡಿಕೊಳ್ಳುವ ಸಾಫ್ಟ್‌ವೇರೇ ಜಾಬ್ ಶೆಡ್ಯೂಲರ್. ಕ್ರಾನ್ ಮೇಲೆ ನನಗೆ ದೂರಿಲ್ಲ. 1970ರ ದಶಕದ ಯುನಿಕ್ಸ್ ಕಾಲದ್ದು, ಇವತ್ತಿಗೂ ಹೇಳಿದ ಹೊತ್ತಿಗೆ ಸರಿಯಾಗಿ ಓಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಗಡಿಯಾರ ಮಾತ್ರ. ಇಆರ್‌ಪಿಯಿಂದ (ಕಂಪನಿಯ ವ್ಯವಹಾರವೆಲ್ಲ ದಾಖಲಾಗುವ ಸಾಫ್ಟ್‌ವೇರ್) ಫೈಲ್ ಬಂದಿದೆಯೋ ಇಲ್ಲವೋ ಅದು ಕೇಳುವುದಿಲ್ಲ. ಅದಕ್ಕೇ ನಾವು ಜಾಬ್‌ಗಳ ನಡುವೆ ಅಂದಾಜಿನ ಮೇಲೆ ಒಂದಿಷ್ಟು ಹೊತ್ತು ಬಿಡುತ್ತಿದ್ದೆವು. ತಿಂಗಳ ಕೊನೆಗೆ ಡೇಟಾ ಜಾಸ್ತಿಯಾದರೆ ಆ ಹೊತ್ತು ಸಾಲದು, ಬೆಳಿಗ್ಗೆ ರಿಪೋರ್ಟಿನಲ್ಲಿ ಅರ್ಧ ಲೆಕ್ಕವೇ ಇರುವುದಿಲ್ಲ.

ಹಾಗಾಗಿ ಹೊಸ ಶೆಡ್ಯೂಲರ್ ಬೇಕಾಯಿತು. ಟೂಲ್ ನೋಡುವ ಮೊದಲು ಪಟ್ಟಿ ಮಾಡಿದೆ. ಪ್ರತಿ ಜಾಬ್ ಯಾವುದಕ್ಕೆ ಕಾಯಬೇಕು, ಎಷ್ಟು ಗಂಟೆಯೊಳಗೆ ಮುಗಿಯಬೇಕು, ಕೆಟ್ಟರೆ ಯಾರನ್ನು ಕರೆಯಬೇಕು. ಬೇಸರದ ಕೆಲಸ. ಆದರೆ ಯಾರಿಗೂ ಬೇಡದ ಜಾಬ್‌ಗಳು ಆಗಲೇ ಸಿಕ್ಕಿಬಿದ್ದವು. ಯಾವುದಕ್ಕೂ ಕಾಯದ ಸಣ್ಣಪುಟ್ಟವನ್ನು ಕ್ರಾನ್‌ನಲ್ಲೇ ಬಿಟ್ಟೆವು. ಜಾಬ್‌ಗಳ ಎಣಿಕೆ ಮೇಲೆ ಲೈಸೆನ್ಸ್ ಇರುವ ಕಡೆ ಇದು ದುಡ್ಡಿನ ವಿಷಯವೂ ಹೌದು.

ಡೆಮೊದಲ್ಲಿ ಮಾರಲು ಬಂದವರೆಲ್ಲರ ಡ್ಯಾಶ್‌ಬೋರ್ಡೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ಹಾಗಾಗಿ ನಮ್ಮದೇ ಒಂದು ಸರಣಿ ಕೊಟ್ಟೆ: ಇಆರ್‌ಪಿ ಫೈಲ್, ಎಸ್‌ಎಫ್‌ಟಿಪಿ (ಫೈಲನ್ನು ಸುರಕ್ಷಿತವಾಗಿ ಕಳಿಸುವ ವಿಧಾನ), ಡೇಟಾಬೇಸ್ ಲೋಡ್, ವಿಂಡೋಸ್ ರಿಪೋರ್ಟ್. ಓಡುತ್ತಿರುವಾಗಲೇ ಲೋಡ್ ಜಾಬನ್ನು ಕಿಲ್ ಮಾಡಿಸಿದೆ, ಅಂದರೆ ಬಲವಂತವಾಗಿ ನಿಲ್ಲಿಸಿದೆ. ಮುಂದಿನದು ನಿಂತಿತೇ? ನಿಂತಲ್ಲಿಂದಲೇ ಮತ್ತೆ ಶುರು ಮಾಡಬಹುದೇ, ಇಲ್ಲ ಮೊದಲಿನಿಂದ ಓಡಿಸಬೇಕೇ? ನನಗೆ ಇನ್ನೂ ಮುಖ್ಯವಾಗಿದ್ದು ಬೇರೆ. ಫೇಲ್ ಆದ ಜಾಬ್ ಹೇಗೋ ಗೊತ್ತಾಗುತ್ತದೆ. ಶುರುವೇ ಆಗದ ಜಾಬ್ ಸದ್ದು ಮಾಡುವುದಿಲ್ಲ. ಅದಕ್ಕೆ ಅಲರ್ಟ್ ಬರುತ್ತದೆಯೇ ಎಂದು ಕೇಳಿದರೆ ಕೆಲವರು ಸುಮ್ನೆ ಮಾತು ತಿರುಗಿಸಿದರು.

ಏರ್‌ಫ್ಲೋ ಎಂಬ ಶೆಡ್ಯೂಲರ್ ನನಗೆ ಇಷ್ಟವೇ. 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಹುಟ್ಟಿದ್ದು, ಉಚಿತ, ಎಲ್ಲವೂ ಪೈಥಾನ್ ಕೋಡ್. ಡೇಟಾ ತಂಡ ಮಾತ್ರ ಬಳಸುವುದಾದರೆ ಅದನ್ನೇ ಆರಿಸುತ್ತಿದ್ದೆ. ಆದರೆ ನಮ್ಮಲ್ಲಿ ರಾತ್ರಿ ಪಾಳಿಯ ಆಪರೇಟರ್‌ಗಳಿಗೆ ಪೈಥಾನ್ ಬಾರದು. ಜೊತೆಗೆ ಅದರ 2ನೇ ಆವೃತ್ತಿಯಲ್ಲಿ ಇವತ್ತು ಓಡಿದ ದಿನವಹಿ ಜಾಬಿನ ಮೇಲೆ ನಿನ್ನೆಯ ತಾರೀಖು ಕಾಣುತ್ತಿತ್ತು. ಅದಕ್ಕೆ ಕಾರಣವಿದೆ ನಿಜ. ಆದರೆ ಲೆಕ್ಕಪತ್ರದವರಿಗೆ ಅದನ್ನು ಬಿಡಿಸಿ ಹೇಳುವುದು ಯಾರು?

ಕೊನೆಗೆ ಆಟೋಸಿಸ್ ಎಂಬ ಶೆಡ್ಯೂಲರ್ ತೆಗೆದುಕೊಂಡೆವು. ಇಷ್ಟು ಗಂಟೆಯೊಳಗೆ ಶುರುವಾಗಲೇಬೇಕು ಎಂದು ಜಾಬಿನಲ್ಲೇ ಬರೆದಿಡಬಹುದು. ಆಗದಿದ್ದರೆ ಅಲಾರ್ಮ್ ಬರುತ್ತದೆ. ಜಾಬಿನ ವಿವರವೆಲ್ಲ ಜಿಲ್ ಎಂಬ ಸಾದಾ ಟೆಕ್ಸ್ಟ್‌ನಲ್ಲಿ ಇರುವುದರಿಂದ ಅದನ್ನು ಗಿಟ್‌ನಲ್ಲಿ (ಯಾರು ಯಾವಾಗ ಏನು ಬದಲಿಸಿದರೆಂದು ದಾಖಲಿಸಿಡುವ ಟೂಲ್) ಇಡುತ್ತೇವೆ. ಸ್ಕ್ರೀನ್ ಹಳೇ ಕಾಲದ್ದು, ಹೊಸಬರು ಮೂಗು ಮುರಿಯುತ್ತಾರೆ.

ಆಪರೇಟರ್‌ಗಳಿಗೆ ಹೆಚ್ಚು ಹೊತ್ತು ಕಲಿಸಿದ್ದು ಹೋಲ್ಡ್ ಮತ್ತು ಐಸ್ ನಡುವಿನ ವ್ಯತ್ಯಾಸ. ಜಾಬನ್ನು ಹೋಲ್ಡ್‌ನಲ್ಲಿ ಇಟ್ಟರೆ ಅದರ ಮುಂದಿನದು ಕಾಯುತ್ತದೆ. ಐಸ್‌ನಲ್ಲಿ ಇಟ್ಟರೆ ಅದು ಮುಗಿದಂತೆಯೇ ಲೆಕ್ಕ, ಮುಂದಿನದು ಓಡಿಬಿಡುತ್ತದೆ. ಹಾಗಾಗಿ ಲೋಡ್ ಜಾಬನ್ನು ನನ್ನನ್ನು ಕೇಳದೆ ಐಸ್‌ಗೆ ಹಾಕುವಂತಿಲ್ಲ.