ವೆನೀರ್ ಎಷ್ಟು ವರ್ಷ ಬಾಳುತ್ತದೆ: ನಾನು ಕೂರಿಸುವ ಕ್ರಮ, ಹೇಳುವ ಪಥ್ಯ

‘ಡಾಕ್ಟ್ರೇ, ಇದು ಎಷ್ಟು ವರ್ಷ ಬರುತ್ತೆ?’ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಬೇಕೆಂದು ಬರುವವರ ಮೊದಲ ಪ್ರಶ್ನೆ ಇದೇ. ಪಿಂಗಾಣಿಯದಾದರೆ 10ರಿಂದ 15 ವರ್ಷ, ಚೆನ್ನಾಗಿ ಕೂತರೆ ಅದಕ್ಕೂ ಹೆಚ್ಚು. ಕಾಂಪೊಸಿಟ್ (ಹಲ್ಲಿನ ಬಣ್ಣದ, ಪ್ಲಾಸ್ಟಿಕ್‌ನಂಥ ರೆಸಿನ್) ಆದರೆ 5ರಿಂದ 7. ಯಾವ ಕಂಪನಿಯ ಮಾಲು ಎನ್ನುವುದಕ್ಕಿಂತ, ವೆನೀರ್ ಹಿಂದೆ ಹಲ್ಲಿನ ಹೊರಪದರವಾದ ಎನಾಮೆಲ್ ಎಷ್ಟು ಉಳಿದಿದೆ ಎನ್ನುವುದರ ಮೇಲೆ ಈ ಲೆಕ್ಕ ನಿಂತಿದೆ. ಎನಾಮೆಲ್ ಗಟ್ಟಿ, ಒಣಗಿಸಿದರೆ ಒಣಗುತ್ತದೆ, ಸಿಮೆಂಟ್ ಕಚ್ಚಿ ಹಿಡಿಯುತ್ತದೆ. ಅದರ ಕೆಳಗಿನ ಡೆಂಟಿನ್‌ನಲ್ಲಿ ಸದಾ ನೀರಿನ ಅಂಶ, ಮೇಲಾಗಿ ಕಚ್ಚಿದಾಗ ತುಸು ಬಾಗುತ್ತದೆ. ಬಾಗುವ ಹಲ್ಲಿನ ಮೇಲೆ ಬಾಗದ ಪಿಂಗಾಣಿ ಕೂರಿಸಿದರೆ ಒಂದು ದಿನ ಬಿರುಕು ಬಿಡುತ್ತದೆ, ಇಲ್ಲವೇ ಕಿತ್ತು ಬರುತ್ತದೆ.

ಮೇಲಿನ ಮುಂದಿನ ಹಲ್ಲುಗಳಲ್ಲಿ ಒಸಡಿನ ಪಕ್ಕದ ಎನಾಮೆಲ್ ಬಹಳ ತೆಳು. ತುದಿಯ ಕಡೆ 1 ಮಿ.ಮೀ. ಆಸುಪಾಸು ಸಿಗುತ್ತದೆ. ಹಾಗಾಗಿ ವೆನೀರ್‌ಗೆ ಜಾಗ ಮಾಡಲು ಹಲ್ಲು ಉಜ್ಜುವಾಗ ಒಸಡಿನ ಬಳಿ 0.3, ನಡುಭಾಗದಲ್ಲಿ 0.5 ಮಿ.ಮೀ. ದಾಟದಂತೆ ನೋಡಿಕೊಳ್ಳುತ್ತೇನೆ. ಕಣ್ಣಂದಾಜಿನಲ್ಲಿ ಇದು ಆಗುವ ಕೆಲಸವಲ್ಲ. ಮೊದಲು ಪೇಷಂಟಿನ ಹಲ್ಲುಸಾಲಿನ ಅಚ್ಚಿನ ಮೇಲೆ ಮೇಣದಲ್ಲಿ ಹೊಸ ಹಲ್ಲಿನ ಆಕಾರ ಮಾಡಿಸಿ, ಅದರಿಂದ ಸಿಲಿಕೋನ್ ಅಚ್ಚು ತೆಗೆದು, ತಾತ್ಕಾಲಿಕ ರೆಸಿನ್ ತುಂಬಿ ಬಾಯಲ್ಲೇ ಮಾಕ್‌ಅಪ್ (ಹೊಸ ಹಲ್ಲಿನ ನಮೂನೆ) ಕೂರಿಸುತ್ತೇನೆ. ಅಳತೆಯ ಬರ್‌ನಿಂದ (ಹಲ್ಲು ಕೊರೆಯುವ ಮೊನೆಯಿಂದ) ಗೀರು ಹಾಕುವುದು ಆ ಮಾಕ್‌ಅಪ್ ಮೇಲೆ. ಗೀರಿನ ತಳಕ್ಕೆ ಪೆನ್ಸಿಲ್ ಎಳೆದು, ಆ ಗೆರೆ ಅಳಿಸುವವರೆಗೆ ಮಾತ್ರ ಉಜ್ಜಿ ನಿಲ್ಲಿಸುತ್ತೇನೆ. ಸವೆದ ಹಲ್ಲಿನವರಲ್ಲಿ ಮಾಕ್‌ಅಪ್ಪೇ ಅಷ್ಟು ದಪ್ಪ ಇರುತ್ತದೆ, ಎಷ್ಟೋ ಕಡೆ ಬರ್ ಹಲ್ಲಿಗೆ ತಾಗುವುದೇ ಇಲ್ಲ. ಮಾಕ್‌ಅಪ್ ಇಲ್ಲದೆ ನೇರವಾಗಿ ಹಲ್ಲಿಗೆ ಬರ್ ಇಡುವುದು ನನಗಂತೂ ಒಪ್ಪಿಗೆಯಿಲ್ಲ, ಎಷ್ಟೇ ಪಳಗಿದ ಕೈಯಾದರೂ.

ಬೆಂಗಳೂರಿನಲ್ಲಿ ಕೆಲಸ ಮಾಡುವ ದಂತವೈದ್ಯರಿಗೆ ಪ್ಲೋರೋಸಿಸ್ ಕೇಸುಗಳು ತಪ್ಪಿದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಆಳದ ಬೋರ್‌ವೆಲ್ ನೀರು ಕುಡಿದು ಬೆಳೆದವರು ಕಂದು ಮಚ್ಚೆಯ ಹಲ್ಲು ಮುಚ್ಚಿಸಲೆಂದೇ ಬರುತ್ತಾರೆ. ಲೀಟರಿಗೆ 1.5 ಮಿ.ಗ್ರಾಂ. ದಾಟಿದ ಪ್ಲೋರೈಡ್ ಇರುವ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಏಳುವ ಹಲ್ಲೇ ಹೀಗಿರುತ್ತದೆ. ಇಂಥ ಎನಾಮೆಲ್‌ನ ಮೇಲ್ಪದರ, ಸಿಮೆಂಟ್ ಹಿಡಿಯಲೆಂದು ಹಚ್ಚುವ ಆಸಿಡ್‌ಗೆ ಬಗ್ಗುವುದಿಲ್ಲ, ಅದರ ಕೆಳಗಿನದು ಪೊಳ್ಳು. ಮಾಮೂಲಿ ಹಲ್ಲಿಗೆ 37% ಫಾಸ್ಫಾರಿಕ್ ಆಸಿಡ್ 15ರಿಂದ 30 ಸೆಕೆಂಡ್ ಸಾಕು. ಇಲ್ಲಿ ಮೇಲ್ಪದರವನ್ನು ಸಣ್ಣ ಡೈಮಂಡ್ ಬರ್‌ನಿಂದ ತುಸು ಒರಟು ಮಾಡಿ, ಆಸಿಡ್ 60 ಸೆಕೆಂಡ್ ಬಿಡುತ್ತೇನೆ. ತೊಳೆದು ಒಣಗಿಸಿದಾಗ ಹಲ್ಲು ಸುಣ್ಣ ಬಳಿದಂತೆ ಬೆಳ್ಳಗೆ ಕಾಣಬೇಕು. ಕಾಣದಿದ್ದರೆ ಮತ್ತೊಮ್ಮೆ. ಮಚ್ಚೆ ಗಾಢವಾಗಿದ್ದರೆ ಮೊದಲು ಬ್ಲೀಚಿಂಗ್ ಮಾಡಿ, ಕನಿಷ್ಠ ಎರಡು ವಾರ ಬಿಟ್ಟು ಮುಂದಿನ ಕೆಲಸ. ಬ್ಲೀಚಿನ ಆಕ್ಸಿಜನ್ ಹಲ್ಲಿನೊಳಗೆ ಉಳಿದಿರುವಾಗ ರೆಸಿನ್ ಗಟ್ಟಿಯಾಗುವುದಿಲ್ಲ. ವೆನೀರ್ ಕೂತ ಮೇಲೆ ಬ್ಲೀಚ್ ಮಾಡಿಸುತ್ತೇನೆ ಎಂದರೆ ಪ್ರಯೋಜನವಿಲ್ಲ, ಪಿಂಗಾಣಿಯ ಬಣ್ಣ ಬದಲಾಗದು.

ಕೂರಿಸುವ ದಿನದ ಕೆಲಸದಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಪಿಂಗಾಣಿಯ ಒಳಮೈ. ಲಿಥಿಯಂ ಡೈಸಿಲಿಕೇಟ್ ಬಗೆಯ ಪಿಂಗಾಣಿಯಾದರೆ 5% ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡ್, ಫೆಲ್ಡ್‌ಸ್ಪಾತಿಕ್ ಬಗೆಯದಾದರೆ ಇನ್ನೂ ಹೆಚ್ಚು ಹೊತ್ತು, ಆಮೇಲೆ ಪಿಂಗಾಣಿಗೂ ಸಿಮೆಂಟಿಗೂ ಬೆಸುಗೆ ಹಾಕುವ ಸೈಲೇನ್ ಒಂದು ನಿಮಿಷ. ಬಾಯಲ್ಲಿಟ್ಟು ಅಳತೆ ನೋಡುವಾಗ ಜೊಲ್ಲು ತಾಗಿಯೇ ತಾಗುತ್ತದೆ. ಅದನ್ನು ಫಾಸ್ಫಾರಿಕ್ ಆಸಿಡ್‌ನಿಂದ ತೊಳೆಯದೆ ಸೈಲೇನ್ ಹಚ್ಚಿದರೆ ಅದು ಹಿಡಿಯುವುದೇ ಇಲ್ಲ. ಇನ್ನೊಂದು, ಸಿಮೆಂಟ್. ಬೆಳಕಿನಿಂದಲೂ ತಾನಾಗಿಯೂ ಗಟ್ಟಿಯಾಗುವ ಡ್ಯುಯಲ್ ಕ್ಯೂರ್ ಸಿಮೆಂಟುಗಳಲ್ಲಿ ಸಾಮಾನ್ಯವಾಗಿ ಇರುವ ಅಮೈನ್ ಎಂಬ ರಾಸಾಯನಿಕ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ, ತೆಳು ಪಿಂಗಾಣಿಯ ಮೂಲಕ ಅದು ಹೊರಗೆ ಕಾಣುತ್ತದೆ. ಅದಕ್ಕೇ ವೆನೀರ್‌ಗೆ ಬೆಳಕಿಗೆ ಮಾತ್ರ ಗಟ್ಟಿಯಾಗುವ ಲೈಟ್ ಕ್ಯೂರ್ ಸಿಮೆಂಟನ್ನೇ ಬಳಸುತ್ತೇನೆ. ಕೊನೆಯಲ್ಲಿ ಅಂಚಿಗೆಲ್ಲ ಗ್ಲಿಸರಿನ್ ಜೆಲ್ ಬಳಿದು ಇನ್ನೊಮ್ಮೆ ಲೈಟ್ ಹಾಯಿಸಬೇಕು. ಗಾಳಿ ತಾಗಿದ ಸಿಮೆಂಟಿನ ಮೇಲ್ಪದರ ಮೆತ್ತಗೇ ಉಳಿಯುತ್ತದೆ, ಕಾಫಿ ಬಣ್ಣ ಹತ್ತುವುದು ಅಲ್ಲಿಂದಲೇ.

ಕಚ್ಚು ನೋಡುವಾಗ ಪೇಷಂಟನ್ನು ನೆಟ್ಟಗೆ ಕೂರಿಸಿ, ಬಣ್ಣದ ಕಾಗದ ಇಟ್ಟು ದವಡೆಯನ್ನು ಮುಂದಕ್ಕೂ ಪಕ್ಕಕ್ಕೂ ಜಾರಿಸಲು ಹೇಳುತ್ತೇನೆ. ಪಿಂಗಾಣಿಯೂ ಹಲ್ಲೂ ಸೇರುವ ಗೆರೆಯ ಮೇಲೇ ಕೆಳಗಿನ ಹಲ್ಲು ಬಡಿಯುತ್ತಿದ್ದರೆ ಚೂರು ಏಳುವುದು ಖಂಡಿತ. ಎಲ್ಲಿ ಉಜ್ಜಿದರೂ ಮತ್ತೆ ಪಾಲಿಶ್ ಮಾಡಬೇಕು. ಒರಟು ಪಿಂಗಾಣಿ ಎದುರಿನ ಹಲ್ಲನ್ನು ಅರದಂತೆ ತಿನ್ನುತ್ತದೆ.

ಇನ್ನು ಪಥ್ಯ. ಮುದ್ದೆಗೆ ಯಾವ ತಕರಾರೂ ಇಲ್ಲ, ಅದನ್ನು ಯಾರೂ ಕಚ್ಚುವುದಿಲ್ಲ. ಭಯವೆಲ್ಲ ಮುಂದಿನ ಹಲ್ಲಿನಲ್ಲಿ ಸಿಗಿಯುವ, ಎಳೆಯುವ ತಿನಿಸುಗಳದ್ದು. ಸಂಕ್ರಾಂತಿಯ ಕಬ್ಬು, ಸಕ್ಕರೆ ಅಚ್ಚು, ದಪ್ಪ ಕೋಡುಬಳೆ, ನಲ್ಲಿ ಮೂಳೆ. ಕಬ್ಬನ್ನು ಸಿಪ್ಪೆ ತೆಗೆದು ಸಣ್ಣ ತುಂಡು ಮಾಡಿಕೊಳ್ಳಿ, ಸಕ್ಕರೆ ಅಚ್ಚು ಕೈಯಲ್ಲಿ ಮುರಿದು ದವಡೆಗೆ ಹಾಕಿಕೊಳ್ಳಿ. ಊಟಕ್ಕಿಂತ ಚಟಗಳೇ ಹೆಚ್ಚು ಕೆಡಿಸುತ್ತವೆ: ಹೂ ಕಟ್ಟುವಾಗ, ಬಟ್ಟೆ ಹೊಲಿಯುವಾಗ ದಾರವನ್ನು ಹಲ್ಲಲ್ಲಿ ಕಡಿಯುವುದು, ಹೇರ್‌ಪಿನ್ ಬಿಡಿಸುವುದು, ಉಗುರು ಕಚ್ಚುವುದು. ಎಲೆ ಅಡಿಕೆ ಹಾಕುವವರಿಗೆ ಅಂಚಿನಲ್ಲಿ ಕಂದು ಗೆರೆ ಬೇಗ ಬರುತ್ತದೆ. ಕಾಂಪೊಸಿಟ್ ಆಗಿದ್ದರೆ ಮೊದಲ ಎರಡು ದಿನ ಅರಿಸಿನದ ಹುಳಿ, ಕಾಫಿ ಬೇಡ, ಆಮೇಲೆ ವರ್ಷಕ್ಕೊಮ್ಮೆ ಪಾಲಿಶ್.

ಬ್ರಷ್ ಮೃದುವಾದದ್ದಿರಲಿ. ಇದ್ದಿಲಿನ ಪೇಸ್ಟ್, ಸೋಡಾ ಪುಡಿ, ‘ಬೆಳ್ಳಗೆ ಮಾಡುವ’ ಪೇಸ್ಟ್ ಬೇಡ, ಹೊಳಪು ಹೋದ ಕಡೆಯೇ ಪಾಚಿ ಕೂರುತ್ತದೆ. ಕ್ಲೀನಿಂಗ್‌ಗೆ ಬೇರೆ ಕಡೆ ಹೋದರೆ ವೆನೀರ್ ಇದೆ ಎಂದು ಬಾಯಿ ತೆರೆಯುವ ಮೊದಲೇ ಹೇಳಿ. ಅಂಚಿನ ಮೇಲೆ ಅಲ್ಟ್ರಾಸಾನಿಕ್ ಸ್ಕೇಲರ್ ಆಡಿಸಿದರೆ ಸಿಮೆಂಟ್ ಸಡಿಲಾಗುತ್ತದೆ, ಹುಳಿಯಾದ ಎಪಿಎಫ್ ಪ್ಲೋರೈಡ್ ಜೆಲ್ ಪಿಂಗಾಣಿಯ ಹೊಳಪನ್ನೇ ತಿನ್ನುತ್ತದೆ. ನ್ಯೂಟ್ರಲ್ ಸೋಡಿಯಂ ಪ್ಲೋರೈಡ್ ಕೇಳಿ. ರಾತ್ರಿ ಹಲ್ಲು ಕಡಿಯುವವರಿಗೆ ಗಟ್ಟಿ ಅಕ್ರಿಲಿಕ್‌ನ ನೈಟ್ ಗಾರ್ಡ್ ಕೊಡದೆ ನಾನು ವೆನೀರ್ ಮಾಡುವುದೇ ಇಲ್ಲ. ಮೆತ್ತನೆಯ ರಬ್ಬರಿನದನ್ನು ಕೆಲವರು ಇನ್ನಷ್ಟು ಜೋರಾಗಿ ಜಗಿಯುತ್ತಾರೆ.

ವೆನೀರ್ ಇಡಿಯಾಗಿ ಕಿತ್ತು ಬಂದರೆ ಫೆವಿಕ್ವಿಕ್ ಮುಟ್ಟಬೇಡಿ. ಆ ಅಂಟು ಒಳಮೈಯ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಪುಟ್ಟ ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟು ತನ್ನಿ. ನಾನು ಮೊದಲು ನೋಡುವುದು ಸಿಮೆಂಟ್ ಎಲ್ಲಿ ಉಳಿದಿದೆ ಎಂದು. ಹಲ್ಲಿನ ಮೇಲೇ ಉಳಿದಿದ್ದರೆ ಪಿಂಗಾಣಿಯ ಒಳಮೈ ಸರಿಯಾಗಿ ಸಿದ್ಧವಾಗಿರಲಿಲ್ಲ, ಮತ್ತೆ ಆಸಿಡ್, ಸೈಲೇನ್ ಹಾಕಿ ಅದೇ ವೆನೀರ್ ಕೂರಿಸಬಹುದು. ವೆನೀರ್‌ಗೇ ಅಂಟಿಕೊಂಡು ಬಂದಿದ್ದರೆ ಹಲ್ಲಿನ ಕಡೆ ಹಿಡಿದಿಲ್ಲ: ಒದ್ದೆಯಾಗಿತ್ತು, ಇಲ್ಲವೇ ಅಲ್ಲಿರುವುದು ಡೆಂಟಿನ್. ಮುಕ್ಕಾಲು ಭಾಗ ಡೆಂಟಿನ್ ಕಂಡರೆ ಇನ್ನೊಂದು ವೆನೀರ್ ಬೇಡ, ಕ್ಯಾಪ್ ಹಾಕಿಸಿಕೊಳ್ಳಿ ಎನ್ನುತ್ತೇನೆ.