ಕಂತಿನ ಒಪ್ಪಂದ ಮುರಿದಾಗ ದಿವಾಳಿ ಅರ್ಜಿ

ಅಡಿಕೆ ಮಾರಿದ ಹಣ ಬಂದ ಮೇಲೂ ಸಹಕಾರಿ ಸಂಘ, ಬ್ಯಾಂಕು ಮತ್ತು ಕೈಸಾಲ ಕೊಟ್ಟವರೊಂದಿಗೆ ಒಪ್ಪಿಕೊಂಡ ಕಂತು ಕಟ್ಟಲಾಗದಿದ್ದರೆ, ಶಿರಸಿಯ ಕೃಷಿಕರು ಹೊಸ ಸಾಲದಿಂದ ಹಳೆಯ ಕಂತು ತೀರಿಸುವುದನ್ನು ಮೊದಲು ನಿಲ್ಲಿಸಬೇಕು. 2016ರ ದಿವಾಳಿ ಸಂಹಿತೆಯ ವೈಯಕ್ತಿಕ ಭಾಗವು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ ಜಾರಿಯಾಗಿರುವುದರಿಂದ, ಉಳಿದವರು ಹಳೆಯ ಕಾನೂನಿನಂತೆ ಸಿವಿಲ್ ನ್ಯಾಯಾಲಯಕ್ಕೇ ಅರ್ಜಿ ಸಲ್ಲಿಸಬೇಕಾಗುತ್ತದೆ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತ ವಕೀಲರ ನೆರವು ದೊರೆಯುತ್ತದೆ.

ಅರ್ಜಿಯಲ್ಲಿ ನೆಂಟರ ಕೈಸಾಲವೂ ಸೇರಿದಂತೆ ಎಲ್ಲ ಸಾಲ, ಎಲ್ಲ ಆಸ್ತಿಯನ್ನು ಬರೆಯಿರಿ. ಅದಕ್ಕೆ ಮುನ್ನ ತೋಟವನ್ನು ಮಕ್ಕಳ ಹೆಸರಿಗೆ ವರ್ಗಾಯಿಸಬೇಡಿ, ಒಬ್ಬರಿಗೇ ಪೂರ್ತಿ ತೀರಿಸಲೂಬೇಡಿ, ಏಕೆಂದರೆ ನ್ಯಾಯಾಲಯ ಅಂಥ ವ್ಯವಹಾರಗಳನ್ನು ರದ್ದುಪಡಿಸಬಹುದು. ಅಡವಿಟ್ಟ ಜಮೀನಿನ ಮೇಲೆ ಬ್ಯಾಂಕಿನ ಹಕ್ಕು ಉಳಿಯುತ್ತದೆ. ನಿಮಗೆ ಋಣಮುಕ್ತಿ ಸಿಕ್ಕರೂ ಜಾಮೀನುದಾರರ ಹೊಣೆ ತಪ್ಪುವುದಿಲ್ಲವಾದ್ದರಿಂದ, ಸಹಿ ಹಾಕಿದ ನೆರೆಯವರಿಗೆ ಮೊದಲೇ ತಿಳಿಸುವುದು ನ್ಯಾಯ. ದಿವಾಳಿ ಆದೇಶದಿಂದಲೇ ಸಾಲ ಅಳಿಯದು. ನ್ಯಾಯಾಲಯ ಗೊತ್ತುಪಡಿಸಿದ ಅವಧಿಯೊಳಗೆ ಋಣಮುಕ್ತಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.