ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಲಿನಕ್ಸ್‌ಗೆ ಒಗ್ಗಿಸುವುದು ಹೇಗೆ?

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹೊಸತಲ್ಲ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳ ಲ್ಯಾಬಿನಲ್ಲಿರುವುದು ಲಿನಕ್ಸಿನ ಒಂದು ರೂಪವಾದ ಉಬುಂಟುವನ್ನು ಆಧರಿಸಿ ರಾಜ್ಯದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಸಿದ್ಧಪಡಿಸಿದ ವ್ಯವಸ್ಥೆಯೇ. ಮನೆಯ ಹಳೆ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸಿಕೊಂಡರೆ ಕೆಲಸ ಚೆನ್ನಾಗಿಯೇ ಸಾಗುತ್ತದೆ. ತೊಡಕು ಶುರುವಾಗುವುದು ಹಾರ್ಡ್ ಡಿಸ್ಕ್ ವಿಷಯದಲ್ಲಿ. ಅಂಗಡಿಯಿಂದ ತಂದ ಡಿಸ್ಕ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ಮಾದರಿಯಲ್ಲಿರುತ್ತದೆ. ಲಿನಕ್ಸ್ ಇವೆರಡನ್ನೂ ಓದುತ್ತದೆ, ಬರೆಯುತ್ತದೆ. ಆದರೆ ಫೈಲಿನ ಮಾಲೀಕ ಯಾರು, ಯಾರಿಗೆ ಏನು ಅನುಮತಿ ಎಂಬ ಲಿನಕ್ಸಿನ ಲೆಕ್ಕ ಅಲ್ಲಿ ಸರಿಯಾಗಿ ಉಳಿಯುವುದಿಲ್ಲ.

ಹಾಗಾಗಿ ಮೊದಲ ಪ್ರಶ್ನೆ: ಈ ಡಿಸ್ಕ್ ಯಾವ ಯಾವ ಗಣಕಕ್ಕೆ ಹೋಗಲಿದೆ? ಲಿನಕ್ಸ್‌ಗೆ ಮಾತ್ರವಾದರೆ ಲಿನಕ್ಸಿನದೇ ಮಾದರಿಯಾದ ಎಕ್ಸ್ಟ್4 ಆರಿಸಿ. ಮಂಗಳೂರಿನ ಸ್ಟುಡಿಯೊದ ವಿಂಡೋಸ್ ಗಣಕಕ್ಕೂ ಒಯ್ಯುವುದಿದ್ದರೆ ಎಕ್ಸ್‌ಫ್ಯಾಟ್ ಸಾಕು. ವಿಂಡೋಸ್ ತಾನಾಗಿ ಎಕ್ಸ್ಟ್4 ಓದುವುದಿಲ್ಲ. ಹಳೆಯ ಫ್ಯಾಟ್32 ಮಾತ್ರ ಬೇಡ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ಅದಕ್ಕೆ ಎಲ್ಲಿ ಸಾಕು?

ಮಾದರಿ ಬದಲಿಸಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ಬೇಕಾದ್ದನ್ನು ಬೇರೆಡೆ ನಕಲು ಮಾಡಿ, ಒಂದೆರಡು ಫೈಲ್ ತೆರೆದು ನೋಡಿದ ಮೇಲೆಯೇ ಮುಂದುವರಿಯಿರಿ.

ಈಗ ‘ಡಿಸ್ಕ್ಸ್’ ಎಂಬ ಅಪ್ಲಿಕೇಶನ್ ತೆರೆಯಿರಿ. ಎಡಬದಿಯಲ್ಲಿ ಗಣಕದ ಒಳಗಿನ ಡಿಸ್ಕ್ ಕೂಡ ಇರುತ್ತದೆ. ಇಲ್ಲಿ ಅವಸರ ಬೇಡವೇ ಬೇಡ. ಕಂಪನಿಯ ಹೆಸರು, ಗಾತ್ರ ಎರಡನ್ನೂ ಹೊಂದಿಸಿ ನೋಡಿ. ಸಂಶಯವಿದ್ದರೆ ಕೇಬಲ್ ತೆಗೆಯಿರಿ: ಪಟ್ಟಿಯಿಂದ ಮಾಯವಾದದ್ದೇ ನಿಮ್ಮ ಡಿಸ್ಕ್. ಮತ್ತೆ ಜೋಡಿಸಿ, ಅದನ್ನೇ ಆರಿಸಿ, ಮೇಲಿನ ಮೂರು ಚುಕ್ಕೆಯ ಮೆನುವಿನಲ್ಲಿ ‘ಫಾರ್ಮ್ಯಾಟ್ ಡಿಸ್ಕ್’ ಒತ್ತಿ. ಪಾರ್ಟಿಶನ್, ಅಂದರೆ ಡಿಸ್ಕಿನ ವಿಭಾಗಗಳ ಬಗೆ ಜಿಪಿಟಿ ಇರಲಿ. ಹಳೆಯದನ್ನು ಪೂರ್ತಿ ಅಳಿಸಿ ಬರೆಯುವ ಆಯ್ಕೆ 1 ಟಿಬಿ ಡಿಸ್ಕಿಗೆ ತಾಸುಗಟ್ಟಲೆ ಹಿಡಿಯುತ್ತದೆ. ಡಿಸ್ಕನ್ನು ಮಾರುವುದಿದ್ದರೆ ಮಾತ್ರ ಅದು ಬೇಕು.

ಖಾಲಿ ಜಾಗ ಕಾಣಿಸಿದಾಗ ಕೂಡಿಸುವ ಚಿಹ್ನೆ ಒತ್ತಿ, ಗಾತ್ರವನ್ನು ಪೂರ್ತಿಯಾಗಿಯೇ ಇರಿಸಿ, ಡಿಸ್ಕಿಗೊಂದು ಹೆಸರು ಕೊಟ್ಟು, ಎಕ್ಸ್ಟ್4 ಆರಿಸಿದರೆ ಆಯಿತು.

ಇಷ್ಟಾದ ಮೇಲೂ ಜಾಗ ಕಡಿಮೆ ತೋರಿಸುತ್ತದೆ ಎಂದು ಹಲವರು ಗಾಬರಿಯಾಗುತ್ತಾರೆ. ಎಕ್ಸ್ಟ್4 ತಾನಾಗಿಯೇ ಶೇ 5ರಷ್ಟು ಜಾಗವನ್ನು ಆಡಳಿತ ಖಾತೆಗೆಂದು, ಅಂದರೆ ರೂಟ್‌ಗೆಂದು ತೆಗೆದಿಡುತ್ತದೆ. 1 ಟಿಬಿಯಲ್ಲಿ ಅದು ಸುಮಾರು 50 ಜಿಬಿ! ವ್ಯವಸ್ಥೆ ಓಡುವ ಡಿಸ್ಕಿಗೆ ಈ ಮೀಸಲು ಬೇಕು, ಫೋಟೊ ವಿಡಿಯೊ ತುಂಬುವ ಡಿಸ್ಕಿಗೆ ಖಂಡಿತ ಬೇಡ. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಟ್ಯೂನ್2ಎಫ್‌ಎಸ್’ (tune2fs) ಆಜ್ಞೆಯ ‘ಎಂ’ (-m) ಆಯ್ಕೆಗೆ 0 ಕೊಟ್ಟರೆ ಆ ಜಾಗ ನಿಮ್ಮದಾಗುತ್ತದೆ.

ಇನ್ನೊಂದು ತಲೆನೋವು ಅನುಮತಿಯದು. ಎಕ್ಸ್ಟ್4 ಮಾಲೀಕನನ್ನು ನೆನಪಿಡುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಉಬುಂಟುವಿನಲ್ಲಿ ಮೊದಲು ಮಾಡಿದ ಖಾತೆಯ ಸಂಖ್ಯೆ 1000. ಶಾಲೆಯ ಗಣಕದಲ್ಲಿ ನೀವು ಬಳಸುವುದು ಎರಡನೆಯ ಖಾತೆಯಾಗಿದ್ದರೆ ಫೈಲ್ ಕಾಣುತ್ತದೆ, ಬರೆಯಲು ಬಿಡುವುದಿಲ್ಲ. ಡಿಸ್ಕ್ ಕೆಟ್ಟಿತೆಂದು ಮತ್ತೆ ಫಾರ್ಮ್ಯಾಟ್ ಮಾಡಬೇಡಿ. ಆಡಳಿತ ಪಾಸ್‌ವರ್ಡ್ ಇರುವವರಿಂದ ಆ ಫೋಲ್ಡರಿಗೆ ಅನುಮತಿ ಕೊಡಿಸಿಕೊಂಡರೆ ಸಾಕು.

ಕೇಬಲ್ ಎಳೆಯುವ ಮೊದಲು ‘ಇಜೆಕ್ಟ್’ ಒತ್ತಿ ಕಾಯಿರಿ. ನಕಲು ಮುಗಿಯಿತೆಂದು ಪರದೆ ತೋರಿಸಿದಾಗಲೂ ಕೊನೆಯ ಭಾಗ ಇನ್ನೂ ಮೆಮೊರಿಯಲ್ಲಿ ಉಳಿದಿರಬಹುದು. ಮಳೆಗಾಲದಲ್ಲಿ ನಡುವೆಯೇ ಕರೆಂಟು ಹೋದರೆ ಎಕ್ಸ್ಟ್4ರ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಡಿಸ್ಕಿನ ರಚನೆಯನ್ನು ಕಾಪಾಡುತ್ತದೆ, ಅರ್ಧ ನಕಲಾದ ಫೈಲನ್ನಲ್ಲ. ಅದನ್ನು ಅಳಿಸಿ ಮೂಲದಿಂದ ಮತ್ತೊಮ್ಮೆ ನಕಲು ಮಾಡಿ.